ಸೂಜಿಯ ಮುಂದೆ ಮಗು
(ಬಾನುಲಿ ಭಾಷಣ)

ಲಸಿಕೆಗೆ ನಮ್ಮ ಭಾಷೆಯಲ್ಲಿ ಬಳಕೆಯಾಗಿರುವ ಹೆಸರುಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಿದರೆ ಅಲ್ಲಿಯೇ ಒಂದು ಚರಿತ್ರೆ ತೆರೆದುಕೊಳ್ಳುತ್ತದೆ. ಹಿಂದಿನ ತಲೆಮಾರಿನವರು ‘ದೇವಿ ಹಾಕಿಸುವುದು’ ಎಂದರು, ‘ಸಿಡುಬು ಹಾಕಿಸುವುದು’ ಎಂದರು, ‘ದಾಕು ಹಾಕಿಸುವುದು’ ಎಂದರು. ಆಮೇಲೆ ಪುಸ್ತಕಗಳಿಗೆ ‘ಲಸಿಕೆ’ ಎಂಬ ಮಾತು ಬಂದಿತು. ಸಂಸ್ಕೃತದಲ್ಲಿ ಅದು ದೇಹದೊಳಗಿನ ಒಂದು ದ್ರವದ ಹೆಸರು. ಇಂಗ್ಲಿಷಿನ ‘ವ್ಯಾಕ್ಸಿನ್’ ಎಂಬ ಪದದ ಒಳಗೆ ಲ್ಯಾಟಿನ್ ಭಾಷೆಯ ಹಸು ನಿಂತಿದೆ. ಇವೆಲ್ಲವುಗಳ ನಡುವೆ ಅಚ್ಚಗನ್ನಡದ ಮಾತೊಂದಿದೆ, ‘ಚುಚ್ಚುಮದ್ದು’. ಬಹಳ ಪ್ರಾಮಾಣಿಕವಾದ ಮಾತು ಅದು. ಮೊದಲು ಚುಚ್ಚು, ಆಮೇಲೆ ಮದ್ದು. ಆದರೆ ಈ ಸಮಾಸವನ್ನು ಹಿರಿಯರು ಬಿಡಿಸುವ ರೀತಿಯೇ ಬೇರೆ, ಮಕ್ಕಳು ಬಿಡಿಸುವ ರೀತಿಯೇ ಬೇರೆ. ಹಿರಿಯರ ಕಿವಿಗೆ ಕೇಳಿಸುವುದು ಮದ್ದು. ಮಗುವಿನ ಕಿವಿಗೆ ಬೀಳುವುದು ಚುಚ್ಚು.

ಲಸಿಕೆಯ ಚರಿತ್ರೆಯನ್ನು ಬರೆದವರೆಲ್ಲ ಹಿರಿಯರೇ ಆದುದರಿಂದ ಅದು ಮದ್ದಿನ ಚರಿತ್ರೆಯಾಗಿ ಬೆಳೆದಿದೆ. ಕಂಡುಹಿಡಿದ ವೈದ್ಯರ ಹೆಸರು, ಜಾರಿಗೆ ತಂದ ಸರ್ಕಾರಗಳ ಹೆಸರು, ಅಳಿದುಹೋದ ರೋಗದ ಹೆಸರು ಅಲ್ಲಿ ಸಿಕ್ಕುತ್ತವೆ. ಚಾಚಿದ ತೋಳು ಯಾರದು ಎಂಬುದನ್ನು ನಾವು ಅಷ್ಟಾಗಿ ಕೇಳಿಲ್ಲ. ಹೆಚ್ಚಿನ ಸಂದರ್ಭಗಳಲ್ಲಿ ಅದು ಮಗುವಿನ ತೋಳು. ಈ ಎರಡು ಶತಮಾನಗಳ ಕತೆಯನ್ನು ಚುಚ್ಚಿಸಿಕೊಂಡವರ ಕಡೆಯಿಂದ ಸ್ವಲ್ಪ ನೋಡಬೇಕೆಂಬುದು ಇಂದಿನ ನನ್ನ ಉದ್ದೇಶ. ಹಾಗೆ ನೋಡಿದಾಗ, ಮಕ್ಕಳ ಭಯವೆಂಬುದು ನಕ್ಕು ಸುಮ್ಮನಾಗುವಂಥ ಚಿಕ್ಕ ಸಂಗತಿಯಲ್ಲ ಎಂಬುದು ತಾನಾಗಿಯೇ ತಿಳಿದುಬರುತ್ತದೆ.

ಕತೆಯ ಮೊದಲಲ್ಲಿಯೇ ಹೆದರಿದ ಹುಡುಗನೊಬ್ಬನಿದ್ದಾನೆ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ, ಸಿಡುಬಿನಿಂದ ರಕ್ಷಣೆ ಪಡೆಯಲು ಸಿಡುಬಿನ ಕೀವನ್ನೇ ಆರೋಗ್ಯವಂತರ ಚರ್ಮಕ್ಕೆ ಸೇರಿಸುವ ಪದ್ಧತಿ ಇತ್ತು. ಏಷ್ಯದ ದೇಶಗಳಲ್ಲಿ ಬಹುಕಾಲದಿಂದ ರೂಢಿಯಲ್ಲಿದ್ದ ಉಪಾಯ ಅದು. ನಮ್ಮ ಬಂಗಾಳದಲ್ಲಿಯೂ ಅದನ್ನು ಬಲ್ಲವರಿದ್ದರು. ಆದರೆ ಇಂಗ್ಲೆಂಡಿನ ವೈದ್ಯರು ಅದಕ್ಕೆ ತಮ್ಮದೇ ಆದ ‘ಸಿದ್ಧತೆ’ಗಳನ್ನು ಸೇರಿಸಿದರು. ಮಗುವಿನ ರಕ್ತ ತೆಗೆಯುವುದು, ಭೇದಿಗೆ ಕೊಡುವುದು, ವಾರಗಟ್ಟಲೆ ಅರೆಹೊಟ್ಟೆಯಲ್ಲಿರಿಸುವುದು, ಕೊನೆಗೆ ಕೀವು ಹಾಕಿ ಇತರ ರೋಗಿಗಳೊಡನೆ ಕೊಟ್ಟಿಗೆಯಂಥ ಜಾಗದಲ್ಲಿ ಕೂಡಿಹಾಕುವುದು. ಇದನ್ನೆಲ್ಲ ಅನುಭವಿಸಿದ ಎಂಟು ವರ್ಷದ ಹುಡುಗನೊಬ್ಬ ಮುಂದೆ ಬಹುಕಾಲ ಆ ದಿನಗಳನ್ನು ಮರೆಯಲಾರದೆ ಹೋದನೆಂದು ಅವನ ಜೀವನಚರಿತ್ರೆಯನ್ನು ಬರೆದವರು ಹೇಳುತ್ತಾರೆ. ಆ ಹುಡುಗನೇ ಎಡ್ವರ್ಡ್ ಜೆನ್ನರ್. ಬೆಳೆದು ವೈದ್ಯನಾದ ಆತ 1796ರ ಮೇ 14ರಂದು ತನ್ನ ತೋಟಗಾರನ ಮಗ ಜೇಮ್ಸ್ ಫಿಪ್ಸ್‌ನ ತೋಳಿನಲ್ಲಿ ಸಣ್ಣ ಗೀರು ಮಾಡಿ, ಹಾಲು ಕರೆಯುವ ಹೆಂಗಸೊಬ್ಬಳ ಕೈಯ ಬೊಕ್ಕೆಯಿಂದ ತೆಗೆದ ದನದ ಸಿಡುಬಿನ ದ್ರವವನ್ನು ಅಲ್ಲಿ ಹಚ್ಚಿದ. ಫಿಪ್ಸ್‌ನ ವಯಸ್ಸೂ ಎಂಟೇ. ಉಪವಾಸವಿಲ್ಲ, ರಕ್ತ ತೆಗೆಯುವುದಿಲ್ಲ, ಕೊಟ್ಟಿಗೆಯ ಸೆರೆಯಿಲ್ಲ. ಲೋಕವನ್ನು ಸಿಡುಬಿನಿಂದ ಬಿಡಿಸಿದ ವಿಧಾನದ ಹಿಂದೆ ಒಬ್ಬ ಬಾಲಕನ ಹಳೆಯ ಸಂಕಟದ ನೆನಪೂ ಇದ್ದಿತೆಂದರೆ ತಪ್ಪಾಗಲಾರದು.

ಆದರೆ ಆ ಹೊಸ ಮದ್ದಿಗೆ ಒಂದು ತೊಡಕಿತ್ತು. ಇಂದಿನಂತೆ ಅದನ್ನು ಬಾಟಲಿಯಲ್ಲಿ ತುಂಬಿ ಕಳುಹಿಸುವ ಹಾಗಿರಲಿಲ್ಲ. ಒಣಗಿದರೆ ಬಹುಬೇಗ ಸತ್ತ್ವಹೀನವಾಗುತ್ತಿತ್ತು. ಅದನ್ನು ಜೀವಂತವಾಗಿ ದೂರದೇಶಗಳಿಗೆ ಒಯ್ಯಲು ಉಳಿದಿದ್ದ ನೆಚ್ಚಿನ ಪಾತ್ರೆಯೆಂದರೆ ಮನುಷ್ಯದೇಹ, ಅದರಲ್ಲೂ ಹಿಂದೆಂದೂ ಸಿಡುಬು ಬಾರದಿದ್ದ ಮಗುವಿನ ದೇಹ. 1803ರ ನವೆಂಬರ್ 30ರಂದು ಸ್ಪೇನಿನ ಲಾ ಕೊರುನ್ಯ ಬಂದರಿನಿಂದ ಫ್ರಾನ್ಸಿಸ್ಕೊ ಬಾಲ್ಮಿಸ್ ಎಂಬ ವೈದ್ಯನ ನಾಯಕತ್ವದಲ್ಲಿ ಹೊರಟ ಹಡಗಿನಲ್ಲಿ 22 ಮಂದಿ ಹುಡುಗರಿದ್ದರು. ಮೂರರಿಂದ ಒಂಬತ್ತು ವರ್ಷದ ವಯಸ್ಸು. ಬಹುಪಾಲು ಅನಾಥಾಲಯದ ಮಕ್ಕಳು. ಒಂಬತ್ತು ಹತ್ತು ದಿನಗಳಿಗೊಮ್ಮೆ ಇಬ್ಬರ ತೋಳಿನ ಬೊಕ್ಕೆಯಿಂದ ದ್ರವ ತೆಗೆದು ಮುಂದಿನ ಇಬ್ಬರಿಗೆ ಹಾಕುತ್ತ, ದೀಪದಿಂದ ದೀಪ ಹೊತ್ತಿಸುವಂತೆ, ಆ ಮದ್ದನ್ನು ಅಟ್ಲಾಂಟಿಕ್ ಸಾಗರದ ಆಚೆಗೆ ಮುಟ್ಟಿಸಿದರು. ಆ ಮಕ್ಕಳನ್ನು ನೋಡಿಕೊಳ್ಳಲು ಅನಾಥಾಲಯದ ಮೇಲ್ವಿಚಾರಕಿ ಇಸಬೆಲ್ ಸೆಂಡಾಲ್ ಜೊತೆಯಲ್ಲಿ ಹೊರಟಳು. ತನ್ನ ಮಗನನ್ನೂ ಕರೆದೊಯ್ದಳು. ಅಲೆಯ ಮೇಲೆ ತೂಗಾಡುವ ಹಡಗಿನಲ್ಲಿ ತನ್ನ ಸರದಿಗಾಗಿ ಕಾದು ಕುಳಿತ ನಾಲ್ಕು ವರ್ಷದ ಮಗುವಿಗೆ ಆಕೆ ಏನು ಹೇಳಿ ಸಮಾಧಾನಪಡಿಸಿದಳೋ, ಯಾವ ಕಡತವೂ ಅದನ್ನು ಬರೆದಿಟ್ಟಿಲ್ಲ. ಬಾಲ್ಮಿಸ್‌ನ ದೂರದೃಷ್ಟಿಯಷ್ಟೇ ಆ ತಾಯಿಯ ಮಡಿಲೂ ಆ ಯಾನವನ್ನು ನಡೆಸಿತು ಎಂದು ನಾನು ಭಾವಿಸುತ್ತೇನೆ.

ನಮ್ಮ ದೇಶಕ್ಕೆ ಬಂದ ಮದ್ದೂ ತೋಳಿನಿಂದ ತೋಳಿಗೆ ದಾಟಿಯೇ ಬಂದದ್ದು. ವಿಯೆನ್ನಾ ನಗರದಿಂದ ಬಾಗ್ದಾದು, ಅಲ್ಲಿಂದ ಬಸ್ರಾ, ಅಲ್ಲಿಂದ ಹಡಗಿನ ಮೂಲಕ ಬೊಂಬಾಯಿ. 1802ರ ಜೂನ್ 14ರಂದು ಬೊಂಬಾಯಿಯಲ್ಲಿ ಆನಾ ಡಸ್ತಾಲ್ ಎಂಬ ಮೂರು ವರ್ಷದ ಹೆಣ್ಣುಮಗುವಿನ ತೋಳಿನಲ್ಲಿ ಅದು ಹಿಡಿಯಿತು. ಇಂಡಿಯಾದಲ್ಲಿ ಸಿಡುಬಿನ ಲಸಿಕೆ ಹಾಕಿಸಿಕೊಂಡ ಮೊದಲ ವ್ಯಕ್ತಿ ಆಕೆಯೇ. ಆ ಮಗುವಿನ ವಿಷಯವಾಗಿ ನಮಗೆ ತಿಳಿದಿರುವುದು ಬಹಳ ಕಡಿಮೆ. ಆದರೆ ಲಸಿಕೆ ಹಾಕಿದ ವೈದ್ಯನು, ಅದು ಬಹಳ ಒಳ್ಳೆಯ ಸ್ವಭಾವದ ಮಗು ಎಂದು ಬರೆದಿಟ್ಟಿದ್ದಾನೆ. ಅಂದರೆ ಅಳಲಿಲ್ಲ, ಹಟ ಮಾಡಲಿಲ್ಲ ಎಂದಿರಬೇಕು. ಅವಳ ತೋಳಿನಿಂದ ತೆಗೆದ ದ್ರವವನ್ನು ಬೊಂಬಾಯಿಯ ಇನ್ನೂ ಐದು ಮಕ್ಕಳಿಗೆ ಹಾಕಿದರು. ಅಲ್ಲಿಂದ ಅದು ಊರಿಂದ ಊರಿಗೆ ಹೊರಟಿತು.

ಈಗ ನಮ್ಮ ಮೈಸೂರಿಗೆ ಬರೋಣ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಐದು ವರ್ಷ ತುಂಬುವ ಹೊತ್ತಿನಲ್ಲಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಸಿಂಹಾಸನದ ಮೇಲೆ ಕೂಡಿಸಲಾಗಿತ್ತು. ರಾಜಮನೆತನದ ಹಿರಿಯರಾಗಿ ಅಜ್ಜಿ ಲಕ್ಷ್ಮಮ್ಮಣ್ಣಿಯವರು ಇದ್ದರು. 1805ರಲ್ಲಿ ಐರ್ಲೆಂಡಿನ ಚಿತ್ರಕಾರ ಥಾಮಸ್ ಹಿಕಿ ಮೂವರು ಸ್ತ್ರೀಯರ ಒಂದು ವರ್ಣಚಿತ್ರವನ್ನು ಬರೆದನು. ಬಹುಕಾಲ ಅದನ್ನು ಯಾರೋ ನರ್ತಕಿಯರ ಚಿತ್ರವೆಂದೇ ಭಾವಿಸಿದ್ದರು. ಆ ಸ್ತ್ರೀಯರು ಮೈಸೂರಿನ ಅರಮನೆಯವರೆಂದೂ, ಸೆರಗನ್ನು ಸರಿಸಿ ತೋಳನ್ನು ತೋರಿಸುವ ಭಂಗಿ ಲಸಿಕೆ ಹಾಕಿಸಿಕೊಂಡ ಜಾಗವನ್ನು ಸೂಚಿಸುತ್ತದೆಂದೂ ಚರಿತ್ರಕಾರ ನೈಜೆಲ್ ಚಾನ್ಸಲರ್ ವಾದಿಸಿದ್ದಾರೆ. ಅವರ ಪ್ರಕಾರ ಅದರಲ್ಲಿರುವ ತರುಣಿಯರು ಅರಸರ ಕೈಹಿಡಿದ ದೇವಾಜಮ್ಮಣ್ಣಿಯವರು. ಇಬ್ಬರು ರಾಣಿಯರಿಗೂ ಅದೇ ಹೆಸರು. ರಾಣಿ ಲಸಿಕೆ ಹಾಕಿಸಿಕೊಂಡ ಸಂಗತಿ 1806ರ ಕಡತದಲ್ಲಿ ದಾಖಲಾಗಿದೆಯೆಂದೂ, ಅದನ್ನು ಕಂಡು ಜನ ಮುಂದೆ ಬಂದರೆಂದೂ ಅವರು ತಿಳಿಸುತ್ತಾರೆ. ಚಿತ್ರದ ವಿಷಯದಲ್ಲಿ ವಿದ್ವಾಂಸರ ಚರ್ಚೆ ಮುಂದುವರಿಯಲಿ. ನನ್ನ ಮನಸ್ಸನ್ನು ಹಿಡಿಯುವ ಸಂಗತಿ ಇನ್ನೊಂದು. ರಾಣಿ ಎಂದೊಡನೆ ನಾವು ಪ್ರೌಢ ಸ್ತ್ರೀಯೊಬ್ಬಳನ್ನು ಕಲ್ಪಿಸಿಕೊಳ್ಳುತ್ತೇವೆ. ಮದುವೆಯ ಕಾಲಕ್ಕೆ ಅರಸರ ವಯಸ್ಸೂ ವಧುವಿನ ವಯಸ್ಸೂ ಹನ್ನೆರಡರ ಆಸುಪಾಸು. ಇಂದಿನ ಲೆಕ್ಕದಲ್ಲಿ ಏಳನೆಯ ತರಗತಿಯ ಮಕ್ಕಳು! ಒಂದು ಇಡೀ ಸಂಸ್ಥಾನದ ಪ್ರಜೆಗಳ ಅಂಜಿಕೆಯನ್ನು ಬಿಡಿಸಲು ಮುಂದಕ್ಕೆ ಬಂದದ್ದು ಒಬ್ಬ ಬಾಲಿಕೆಯ ತೋಳು.

ರಾಜಮನೆತನ ದಾರಿ ತೋರಿಸಿದಷ್ಟು ಸುಲಭವಾಗಿ ಹಳ್ಳಿಗಳು ಹಿಂಬಾಲಿಸಲಿಲ್ಲ. ನಮ್ಮ ಜನಕ್ಕೆ ಸಿಡುಬು ಬರಿಯ ರೋಗವಾಗಿರಲಿಲ್ಲ, ಅದು ‘ಅಮ್ಮ’. ಮನೆಗೆ ಬಂದ ಅಮ್ಮನನ್ನು ಬೇವಿನ ಸೊಪ್ಪು ಕಟ್ಟಿ, ತಂಪು ಮಾಡಿ, ಉಪಚರಿಸಿ ಕಳುಹಿಸಿಕೊಡಬೇಕೇ ಹೊರತು ತಡೆದು ನಿಲ್ಲಿಸಬಾರದು ಎಂಬ ನಂಬಿಕೆ. ಇದನ್ನು ಮೌಢ್ಯವೆಂದು ಬರೆದವರು ಬಹಳ ಮಂದಿ. ಆದರೆ ತಾಯಂದಿರ ಅಂಜಿಕೆಗೆ ಬೇರೆ ಕಾರಣಗಳೂ ಇದ್ದವು. ಒಮ್ಮೆ ಲಸಿಕೆ ಹಾಕಿಸಿದರೆ ಮುಗಿಯುತ್ತಿರಲಿಲ್ಲ. ವಾರ ಕಳೆದ ಮೇಲೆ ಲಸಿಕೆಯವನು ಮತ್ತೆ ಬಂದು, ಮಗುವಿನ ತೋಳಿನ ನೋಯುವ ಬೊಕ್ಕೆಯನ್ನು ಒಡೆದು, ಇತರರಿಗೆ ಹಾಕಲು ದ್ರವವನ್ನು ತೆಗೆಯುತ್ತಿದ್ದನು. ಹಾಗೆ ತೆಗೆಯುವುದನ್ನು ತಪ್ಪಿಸಲು ಮಕ್ಕಳನ್ನು ಬಚ್ಚಿಟ್ಟ ತಾಯಂದಿರ ಸಂಗತಿ ಅಂದಿನ ವರದಿಗಳಲ್ಲಿ ಬರುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಕರುಗಳಿಂದ ಲಸಿಕೆ ತಯಾರಿಸುವ ಕ್ರಮ ಬಂದು, ಬೆಂಗಳೂರು ಬೆಳಗಾವಿಗಳಲ್ಲಿ ವ್ಯಾಕ್ಸಿನ್ ಇನ್‌ಸ್ಟಿಟ್ಯೂಟುಗಳು ಏರ್ಪಟ್ಟ ಮೇಲೆ ಮಗುವಿನ ತೋಳು ಊರಿಗೆಲ್ಲ ಮದ್ದಿನ ಬಟ್ಟಲಾಗಬೇಕಾದ ಕಾಲ ಮುಗಿಯಿತು. ಅಷ್ಟರಲ್ಲಿ 1880ರ ಲಸಿಕೆ ಕಾಯಿದೆ ಬಂದಿತ್ತು. ಕಾಯಿದೆಯ ಜೊತೆಗೆ ಬಲವಂತವೂ ಬಂದಿತು.

ಆ ಬಲವಂತದ ಕೊನೆಯ ದಿನಗಳನ್ನು ನಾನೂ ಕಂಡಿದ್ದೇನೆ. 1960ರ ದಶಕದಲ್ಲಿ ನಾವು ಓದುತ್ತಿದ್ದ ಹಳ್ಳಿಯ ಶಾಲೆಗೆ ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ‘ದಾಕಿನವರು’ ಬರುತ್ತಿದ್ದರು. ಸೈಕಲ್ಲಿನ ಹಿಂದೆ ಕಟ್ಟಿದ ಪೆಟ್ಟಿಗೆ ಕಂಡದ್ದೇ ತಡ, ದೊಡ್ಡ ಹುಡುಗರು ಹಿತ್ತಲ ಗೋಡೆ ಹಾರಿ ಹೊಲದ ಪಾಲಾಗುತ್ತಿದ್ದರು. ಬಾಗಿಲಿಗೆ ಅಡ್ಡಲಾಗಿ ಮೇಷ್ಟ್ರು ನಿಲ್ಲುತ್ತಿದ್ದರು. ಸಿಕ್ಕಿಬಿದ್ದ ನಾವು ಸಾಲಾಗಿ ನಿಂತು, ಮುಂದಿನವನ ಮುಖವನ್ನು ನೋಡುತ್ತ, ಅವನ ಕೂಗನ್ನು ಕೇಳುತ್ತ ನಡೆಯಬೇಕು. ಅಂದು ಬಳಸುತ್ತಿದ್ದುದು ಹಿಡಿಯ ತುದಿಯಲ್ಲಿ ಮೊನಚು ಹಲ್ಲುಗಳಿದ್ದ ಚಿಕ್ಕ ಬಿಲ್ಲೆ. ಅದನ್ನು ತೋಳಿನ ಮೇಲೆ ಒತ್ತಿ ತಿರುಗಿಸುತ್ತಿದ್ದರು. ಹುಣ್ಣಾಗಿ, ಜ್ವರ ಬಂದು, ಹೊಪ್ಪಳೆ ಕಟ್ಟಿ ಉದುರಿದ ಮೇಲೆ ದುಂಡನೆಯ ಕಲೆ ಉಳಿಯುತ್ತಿತ್ತು. ನನ್ನ ವಯಸ್ಸಿನವರ ತೋಳುಗಳಲ್ಲಿ ಇಂದಿಗೂ ಅದು ಅಳಿಯದ ಮುದ್ರೆಯಂತೆ ಇದೆ. ಆ ನೋವು ನನಗೆ ನೆನಪಿಲ್ಲ. ಸಾಲಿನಲ್ಲಿ ನಿಂತ ಆ ಅರ್ಧ ಗಂಟೆ ಮಾತ್ರ ಚೆನ್ನಾಗಿ ನೆನಪಿದೆ. ಇದು ನನ್ನೊಬ್ಬನ ಅನುಭವವೆಂದು ನಾನು ತಿಳಿದಿಲ್ಲ. ಸೂಜಿ ಕ್ಷಣಮಾತ್ರದ್ದು, ಅದಕ್ಕೆ ಮುಂಚಿನ ಕಾಯುವಿಕೆ ದೀರ್ಘವಾದದ್ದು.

1960ರ ದಶಕದಲ್ಲಿಯೇ ಅಮೆರಿಕದ ಬೆಂಜಮಿನ್ ರೂಬಿನ್ ಎಂಬ ವಿಜ್ಞಾನಿ ಎರಡು ಮೊನೆಗಳ ಕವಲುಸೂಜಿಯನ್ನು ರೂಪಿಸಿದರು. ಎರಡು ಮೊನೆಗಳ ನಡುವೆ ಒಂದು ಹನಿ ಮದ್ದು ನಿಲ್ಲುತ್ತಿತ್ತು; ಹದಿನೈದು ಸಲ ಮೇಲಿಂದ ಮೇಲೆ ಹಗುರವಾಗಿ ಚುಚ್ಚಿದರೆ ಸಾಕು. ಮದ್ದೂ ಉಳಿಯಿತು, ಹಳೆಯ ಬಿಲ್ಲೆಯ ಹಿಂಸೆಯೂ ತಪ್ಪಿತು. ಆ ಸಣ್ಣ ಸೂಜಿಯಿಂದಲೇ ಸಿಡುಬಿನ ಕೊನೆಯ ಹೋರಾಟ ನಡೆಯಿತು. ಇಂಡಿಯಾದಲ್ಲಿ 1975ರ ಮೇ ತಿಂಗಳಲ್ಲಿ ಕೊನೆಯ ರೋಗಿ ಕಂಡುಬಂದ ಮೇಲೆ ಸಿಡುಬು ಮತ್ತೆ ಕಾಣಲಿಲ್ಲ. ಆ ಕೊನೆಯ ವರ್ಷಗಳಲ್ಲಿ ಕೆಲವೆಡೆ ರಾತ್ರಿ ಮನೆಗಳಿಗೆ ನುಗ್ಗಿ ಜನರನ್ನು ಹಿಡಿದು ಲಸಿಕೆ ಹಾಕಿದುದನ್ನು ಪಾಲ್ ಗ್ರೀನೋ ಎಂಬ ಚರಿತ್ರಕಾರರು ದಾಖಲಿಸಿದ್ದಾರೆ. ರೋಗವೇನೋ ಹೋಯಿತು, ಆದರೆ ಹಾಗೆ ಹಿಡಿಸಿಕೊಂಡವರ ಮನೆಯ ಮಕ್ಕಳು ಮುಂದೆ ಆರೋಗ್ಯ ಇಲಾಖೆಯ ಜೀಪನ್ನು ಯಾವ ಕಣ್ಣಿನಿಂದ ನೋಡಿರಬಹುದೆಂಬುದನ್ನು ಊಹಿಸುವುದು ಕಷ್ಟವಲ್ಲ.

ಸೂಜಿಯ ಭಯ ಚಿಕ್ಕದಲ್ಲವೆಂದು ನಾನು ಆಗ ಹೇಳಿದೆನಷ್ಟೆ. ಅದಕ್ಕೆ ಸಾಕ್ಷಿಯಾಗಿ ನಿಲ್ಲುವವನು ಸೊಮಾಲಿಯಾ ದೇಶದ ಅಲಿ ಮಾವೋ ಮಾಲಿನ್. 1977ರ ಅಕ್ಟೋಬರಿನಲ್ಲಿ ಮೆರ್ಕಾ ಎಂಬ ಊರಿನ ಆಸ್ಪತ್ರೆಯಲ್ಲಿ ಅಡುಗೆಯವನಾಗಿದ್ದ ಈ 23 ವರ್ಷದ ತರುಣನಿಗೆ ಸಿಡುಬು ತಗುಲಿತು. ರೋಗಿಗಳಾಗಿದ್ದ ಇಬ್ಬರು ಮಕ್ಕಳನ್ನು ಸಾಗಿಸುತ್ತಿದ್ದ ವಾಹನಕ್ಕೆ ದಾರಿ ತೋರಿಸಲು ಕೆಲವು ನಿಮಿಷ ಜೊತೆಯಲ್ಲಿ ಹೋದದ್ದಷ್ಟೇ ಕಾರಣ. ಲೋಕದಲ್ಲಿ ಸಹಜವಾಗಿ ಹರಡಿದ ಸಿಡುಬಿನ ಕಟ್ಟಕಡೆಯ ರೋಗಿ ಆತ. ಆಸ್ಪತ್ರೆಯಲ್ಲಿಯೇ ಕೆಲಸ ಮಾಡುತ್ತಿದ್ದವನು ಲಸಿಕೆಯನ್ನು ಹೇಗೆ ತಪ್ಪಿಸಿಕೊಂಡ? ಚುಚ್ಚಿದರೆ ನೋಯುತ್ತದೆಂದು ಹೆದರಿದ್ದೆ ಎಂದು ಆತನೇ ಮುಂದೆ ಹೇಳಿಕೊಂಡ. ದೈವಕೃಪೆಯಿಂದ ಬದುಕಿಕೊಂಡ ಆತ ಅಷ್ಟಕ್ಕೇ ಸುಮ್ಮನಾಗಲಿಲ್ಲ. ತನ್ನ ದೇಶದಲ್ಲಿ ಪೋಲಿಯೊ ಲಸಿಕೆಯ ಕೆಲಸಕ್ಕೆ ಸೇರಿ, ಒಪ್ಪದ ತಂದೆತಾಯಿಗಳ ಮುಂದೆ ಕುಳಿತು ತನ್ನ ಹೆದರಿಕೆಯ ಕತೆಯನ್ನೇ ಹೇಳಿದ. 2013ರಲ್ಲಿ ಅದೇ ಕೆಲಸದ ನಡುವೆ ಜ್ವರ ಬಂದು ತೀರಿಕೊಂಡ. ಹೆದರಿದವನನ್ನು ಹೀಯಾಳಿಸದೆ ಪಕ್ಕದಲ್ಲಿ ಕುಳಿತು ಮಾತಾಡುವ ಹಕ್ಕು, ಒಮ್ಮೆ ಹೆದರಿದ್ದವನಿಗೆ ಇರುವಷ್ಟು ಬೇರೆ ಯಾರಿಗಿದೆ?

ಮಕ್ಕಳನ್ನು ಗೌರವದಿಂದ ಕಂಡ ಉದಾಹರಣೆಗಳೂ ಚರಿತ್ರೆಯಲ್ಲಿ ಇಲ್ಲದಿಲ್ಲ. 1954ರಲ್ಲಿ ಜೋನಸ್ ಸಾಲ್ಕ್ ಅವರ ಪೋಲಿಯೊ ಲಸಿಕೆಯ ಪರೀಕ್ಷೆ ಅಮೆರಿಕದಲ್ಲಿ ನಡೆದಾಗ ಸುಮಾರು 18 ಲಕ್ಷ ಶಾಲಾಮಕ್ಕಳು ಅದರಲ್ಲಿ ಭಾಗವಹಿಸಿದರು. ಅವರಿಗೆ ‘ಪೋಲಿಯೊ ಪಯೊನೀರ್’, ಅಂದರೆ ಪೋಲಿಯೊ ಕಾರ್ಯದ ಮುಂದಾಳು ಎಂಬ ಬಿರುದಿನ ಪತ್ರವನ್ನೂ ಎದೆಗೆ ಸಿಕ್ಕಿಸಿಕೊಳ್ಳುವ ಬಿಲ್ಲೆಯನ್ನೂ ಕೊಟ್ಟರು. ಮುಂದೆ ಆಲ್ಬರ್ಟ್ ಸೇಬಿನ್ ಅವರ ಬಾಯಿಹನಿ ಬಂದಿತು. ಸಕ್ಕರೆಯ ಅಚ್ಚಿನ ಮೇಲೆ ಲಸಿಕೆ ಹಾಕಿಕೊಟ್ಟರೆಂದು ಮಗನು ಶಾಲೆಯಿಂದ ಬಂದು ಹೇಳಿದ ಮಾತಿನಿಂದಲೇ ‘ಮೇರಿ ಪಾಪಿನ್ಸ್’ ಚಿತ್ರದ ಸಕ್ಕರೆಯ ಹಾಡು ಹೊಳೆಯಿತೆಂದು ಅದರ ಗೀತಕಾರರಲ್ಲೊಬ್ಬರಾದ ರಾಬರ್ಟ್ ಷೆರ್ಮನ್ನರ ಮನೆಯವರು ಹೇಳಿದ್ದಾರೆ. 1995ರಿಂದ ನಮ್ಮ ಊರೂರಿನ ಬೂತುಗಳಲ್ಲಿ ಹಾಕಿದ ಆ ಎರಡು ಹನಿಗಳ ಫಲವಾಗಿ 2014ರಲ್ಲಿ ಇಂಡಿಯಾ ಪೋಲಿಯೊಮುಕ್ತವೆಂದು ಘೋಷಿತವಾಯಿತು. ಆದರೂ ಎಲ್ಲ ರೋಗಕ್ಕೂ ಹನಿಯಿಲ್ಲ. ಸೂಜಿಯಿಂದ ಮಕ್ಕಳಿಗೆ ಪೂರ್ತಿ ಬಿಡುಗಡೆ ಸಿಕ್ಕಿಲ್ಲ.

ಹಾಗಾದರೆ ಸೂಜಿಯ ಮುಂದೆ ಕುಳಿತ ಮಗುವಿನ ಭಯವನ್ನು ವೈದ್ಯಶಾಸ್ತ್ರ ಯಾವಾಗ ಗಮನಿಸಿತು? ಬಹಳ ತಡವಾಗಿ ಎನ್ನಬೇಕು. ಎಳೆಯ ಶಿಶುಗಳಿಗೆ ದೊಡ್ಡವರಂತೆ ನೋವು ತಿಳಿಯುವುದಿಲ್ಲ ಎಂಬ ಅಭಿಪ್ರಾಯ ಇಪ್ಪತ್ತನೆಯ ಶತಮಾನದ ಬಹುಭಾಗ ವೈದ್ಯರಲ್ಲಿ ಬೇರೂರಿತ್ತು. ಇಂಡಿಯಾದಲ್ಲಿ ವೈದ್ಯಶಿಕ್ಷಣ ಪಡೆದು ಆಕ್ಸ್‌ಫರ್ಡಿನಲ್ಲಿ ಸಂಶೋಧನೆ ಮಾಡಿದ ಡಾ. ಕನ್ವಲ್‌ಜೀತ್ ಆನಂದ್ ಮತ್ತು ಅವರ ಸಹೋದ್ಯೋಗಿಗಳು 1987ರಲ್ಲಿ ಪ್ರಕಟಿಸಿದ ಲೇಖನಗಳಿಂದ ಈ ಅಭಿಪ್ರಾಯ ಅಲುಗಾಡಿತು. ಹಸುಗೂಸಿಗೂ ನೋವಿದೆ, ಅದರ ದೇಹ ಆ ನೋವಿಗೆ ಬಲವಾಗಿಯೇ ಪ್ರತಿಕ್ರಿಯಿಸುತ್ತದೆ ಎಂದು ಅವರು ತೋರಿಸಿಕೊಟ್ಟರು. ಕೆನಡಾ ದೇಶದ ಆನಾ ಟಾಡಿಯೊ ಮತ್ತು ಅವರ ಸಂಗಡಿಗರು 1997ರಲ್ಲಿ ಇನ್ನೊಂದು ಸಂಗತಿಯನ್ನು ಹೊರಗಿಟ್ಟರು. ಹುಟ್ಟಿದ ಹೊಸದರಲ್ಲಿ ನೋವುನಿವಾರಕವಿಲ್ಲದೆ ಶಸ್ತ್ರಕ್ರಿಯೆಗೆ ಒಳಗಾದ ಗಂಡುಶಿಶುಗಳು, ತಿಂಗಳುಗಳ ನಂತರ ಲಸಿಕೆ ಹಾಕಿಸಿಕೊಳ್ಳುವಾಗ ಉಳಿದವರಿಗಿಂತ ಹೆಚ್ಚಾಗಿ ನೋವನ್ನು ತೋರಿದವು. ಅಂದರೆ ಮನಸ್ಸು ಮರೆತರೂ ಮೈ ಮರೆಯುವುದಿಲ್ಲ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಲಸಿಕೆಯ ನೋವನ್ನು ಕಡಿಮೆ ಮಾಡುವ ಬಗೆಗೆ ಸಲಹೆಗಳನ್ನು ಪ್ರಕಟಿಸಿತು. ಜೆನ್ನರನ ಪ್ರಯೋಗದಿಂದ ಈ ಸಲಹೆಗಳಿಗೆ 219 ವರ್ಷಗಳ ದಾರಿ!

ಆ ಸಲಹೆಗಳನ್ನು ಓದಿದಾಗ ನನಗೆ ಸಂತೋಷವೂ ಆಯಿತು, ಸ್ವಲ್ಪ ನಗುವೂ ಬಂದಿತು. ಅವುಗಳಲ್ಲಿ ಬಹುಪಾಲು ನಮ್ಮ ಅಜ್ಜಿಯರು ಒಪ್ಪುವಂಥವೇ. ಶಿಶುವಿಗೆ ಚುಚ್ಚುವ ಸಮಯದಲ್ಲಿ ಅಥವಾ ಅದಕ್ಕೆ ತುಸು ಮುಂಚೆ ತಾಯಿ ಎದೆಹಾಲು ಕೊಡಬೇಕು. ಮಗುವನ್ನು ಮಲಗಿಸಿ ಅದುಮಿ ಹಿಡಿಯದೆ, ತೊಡೆಯ ಮೇಲೆ ನೆಟ್ಟಗೆ ಕೂಡಿಸಿಕೊಂಡು ಅಪ್ಪಿ ಹಿಡಿದುಕೊಳ್ಳಬೇಕು. ತಾಯಿಯನ್ನೋ ತಂದೆಯನ್ನೋ ಹೊರಗೆ ಕಳುಹಿಸಬಾರದು. ಒಂದೇ ದಿನ ಎರಡು ಮೂರು ಲಸಿಕೆಗಳಿದ್ದರೆ ಹೆಚ್ಚು ನೋಯುವುದನ್ನು ಕೊನೆಗೆ ಇಟ್ಟುಕೊಳ್ಳಬೇಕು. ಚಿಕ್ಕ ಮಕ್ಕಳ ಗಮನವನ್ನು ಆಟಿಕೆಯ ಕಡೆಗೋ ಮಾತಿನ ಕಡೆಗೋ ತಿರುಗಿಸಬೇಕು. ಚುಚ್ಚುವವರು ಶಾಂತವಾಗಿರಬೇಕು; ಭಯ ಹುಟ್ಟಿಸುವ ಮಾತನ್ನು ಆಡಬಾರದು. ಇದರಲ್ಲಿ ಹಣ ಬೇಡುವುದು ಯಾವುದು? ಬೇಕಾದುದು ಎರಡು ನಿಮಿಷದ ತಾಳ್ಮೆ.

ಎರಡು ಕೆಟ್ಟ ರೂಢಿಗಳನ್ನು ಮಾತ್ರ ನಾವೇ ಕಿತ್ತುಹಾಕಬೇಕು. ಮೊದಲನೆಯದು ಬೆದರಿಕೆ. ಪುರಂದರದಾಸರ ಕೀರ್ತನೆಯೊಂದರಲ್ಲಿ ಬಾಲಕೃಷ್ಣನು ಗುಮ್ಮನನ್ನು ಕರೆಯಬೇಡವೆಂದು ತಾಯಿಯನ್ನು ಬೇಡಿಕೊಳ್ಳುವುದನ್ನು ನೀವೆಲ್ಲ ಕೇಳಿದ್ದೀರಿ. ಆ ಗುಮ್ಮನಿಗೆ ರೂಪವಿರಲಿಲ್ಲ, ಮನೆಯ ವಿಳಾಸವಿರಲಿಲ್ಲ; ಮಗು ದೊಡ್ಡದಾದಂತೆ ಆತ ಕರಗಿಹೋಗುತ್ತಿದ್ದ. ನಮ್ಮ ಕಾಲದ ತಾಯಂದಿರು ಗುಮ್ಮನ ಜಾಗದಲ್ಲಿ ಡಾಕ್ಟರನ್ನು ನಿಲ್ಲಿಸಿದ್ದಾರೆ. “ಊಟ ಮಾಡದಿದ್ದರೆ ಸೂಜಿ ಚುಚ್ಚಿಸುತ್ತೇನೆ” ಎಂಬ ಮಾತು ಯಾವ ಮನೆಯಲ್ಲಿ ಕೇಳಿಸುವುದಿಲ್ಲ? ಕಾಯುವವನನ್ನು ಶಿಕ್ಷಿಸುವವನೆಂದು ಪರಿಚಯಿಸಿಬಿಟ್ಟರೆ, ಆಮೇಲೆ ಆಸ್ಪತ್ರೆಯ ಬಾಗಿಲಲ್ಲಿ ಮಗು ಕಿರಿಚಿಕೊಂಡಿತೆಂದು ಅಚ್ಚರಿಪಡುವುದೇಕೆ? ಎರಡನೆಯದು ಸುಳ್ಳು. “ಏನೂ ನೋಯುವುದಿಲ್ಲ, ಸುಮ್ಮನೆ ತೋರಿಸಿಕೊಂಡು ಬರೋಣ” ಎಂದು ಕರೆದೊಯ್ಯುತ್ತೇವೆ. ಅರ್ಧ ಗಂಟೆಯಲ್ಲಿ ಆ ಮಾತು ಸುಳ್ಳೆಂದು ಮಗುವಿಗೆ ತನ್ನ ಮೈಯಿಂದಲೇ ತಿಳಿಯುತ್ತದೆ. ತೋಳಿನ ನೋವು ಸಂಜೆಗೆ ಇಳಿಯುತ್ತದೆ. ತಾಯಿಯ ಮಾತಿನ ಮೇಲಿನ ನಂಬಿಕೆಗೆ ಬಿದ್ದ ಪೆಟ್ಟು ಅಷ್ಟು ಬೇಗ ವಾಸಿಯಾಗುವುದಿಲ್ಲ.

2017ರ ಫೆಬ್ರುವರಿಯಲ್ಲಿ ನಮ್ಮ ರಾಜ್ಯದಲ್ಲಿ ದಡಾರ ಮತ್ತು ರುಬೆಲ್ಲಾ ಲಸಿಕೆಯ ಅಭಿಯಾನ ನಡೆಯಿತು. ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದವರೆಗಿನ ಮಕ್ಕಳಿಗೆ, ಹೆಚ್ಚಾಗಿ ಶಾಲೆಗಳಲ್ಲಿಯೇ ಲಸಿಕೆ ಹಾಕಿದರು. ನಮ್ಮ ಬಡಾವಣೆಯ ಶಾಲೆಗೆ ಆ ದಿನ ನಾನೂ ಹೋಗಿದ್ದೆ. ಅಲ್ಲಿ ಸಾಲು ಇರಲಿಲ್ಲ. ಮಕ್ಕಳು ಒಂದು ಕೋಣೆಯಲ್ಲಿ ಕುಳಿತು ಚಿತ್ರ ಬರೆಯುತ್ತಿದ್ದರು. ಒಬ್ಬೊಬ್ಬರನ್ನೇ ಪಕ್ಕದ ಕೋಣೆಗೆ ಕರೆಯುತ್ತಿದ್ದರು. ಎರಡನೆಯ ತರಗತಿಯ ಹುಡುಗಿಯೊಬ್ಬಳು ಹೊಸ್ತಿಲಲ್ಲೇ ನಿಂತುಬಿಟ್ಟಳು.

“ಸಿಸ್ಟರ್, ನೋಯುತ್ತಾ?” ಎಂದು ಕೇಳಿದಳು.

“ಹೂಂ ಪುಟ್ಟಿ, ಸ್ವಲ್ಪ ಚುರುಕ್ ಅನ್ನುತ್ತೆ, ಇರುವೆ ಕಚ್ಚಿದ ಹಾಗೆ. ನೀನು ಐದು ಎಣಿಸೋದರೊಳಗೆ ಮುಗಿದುಹೋಗುತ್ತೆ. ಯಾರ ಹತ್ತಿರ ಕೂತ್ಕೋತೀಯ, ಮಿಸ್ ಹತ್ತಿರವೋ, ನಿನ್ನ ಗೆಳತಿ ಹತ್ತಿರವೋ?” ಎಂದರು ಆ ನರ್ಸಮ್ಮ.

ಹುಡುಗಿ ಗೆಳತಿಯನ್ನು ಆರಿಸಿಕೊಂಡಳು. ಐದು ಎಣಿಸುವಷ್ಟರಲ್ಲಿ ಕಣ್ಣಂಚಿನಲ್ಲಿ ನೀರು ಬಂದಿತು, ನಿಜ. ಆದರೆ ಎದ್ದು ಹೋಗುವಾಗ ಮುಂದಿನವನಿಗೆ, “ಐದು ಅಷ್ಟೇ ಕಣೋ” ಎಂದು ಹೇಳಿ ಹೋದಳು. ಆ ನರ್ಸಮ್ಮ ವಿಶ್ವ ಆರೋಗ್ಯ ಸಂಸ್ಥೆಯ ಕರಪತ್ರವನ್ನು ಓದಿದ್ದರೋ ಇಲ್ಲವೋ, ನಾನು ಕೇಳಲಿಲ್ಲ. ಆಕೆ ಸುಳ್ಳು ಹೇಳಲಿಲ್ಲ; ಬೆದರಿಸಲೂ ಇಲ್ಲ. ಆರಿಸಿಕೊಳ್ಳಲು ಮಗುವಿಗೆ ಏನಾದರೂ ಒಂದನ್ನು ಬಿಟ್ಟುಕೊಟ್ಟರು.

ಲಸಿಕೆ ಬೇಕೋ ಬೇಡವೋ ಎಂಬುದನ್ನು ಮಗು ನಿರ್ಧರಿಸಲಾರದು. ಅದು ಹಿರಿಯರ ಹೊಣೆ. ಸಿಡುಬಿನ ಕಾಲದ ಕುರುಡು ಕಣ್ಣುಗಳನ್ನೂ ಕುಳಿಬಿದ್ದ ಮುಖಗಳನ್ನೂ ಬಲ್ಲ ಯಾರೂ ಆ ಹೊಣೆಯಿಂದ ನುಣುಚಿಕೊಳ್ಳಲಾರರು. ಆದರೆ ಹೇಗೆ ಎಂಬುದರಲ್ಲಿ ಮಗುವಿನ ಪಾಲೂ ಇದೆ. ಎಡತೋಳೋ ಬಲತೋಳೋ, ಅಮ್ಮನ ತೊಡೆಯೋ ಅಪ್ಪನ ತೊಡೆಯೋ, ನೋಡುವುದೋ ಮುಖ ತಿರುಗಿಸುವುದೋ, ಇಷ್ಟನ್ನು ಅದಕ್ಕೆ ಬಿಟ್ಟುಕೊಟ್ಟರೆ ನಮ್ಮ ಗಂಟೇನೂ ಹೋಗುವುದಿಲ್ಲ. ಎರಡು ಶತಮಾನಗಳ ಕಾಲ ಮಕ್ಕಳು ತಮ್ಮ ತೋಳುಗಳನ್ನು ನಮಗೆ ಕೊಟ್ಟಿದ್ದಾರೆ. ಕಡಲು ದಾಟಿ ಮದ್ದನ್ನು ತಂದುಕೊಟ್ಟಿದ್ದಾರೆ. ಅರಮನೆಯಿಂದ ಹಟ್ಟಿಯವರೆಗೆ ದಾರಿ ತೋರಿಸಿದ್ದಾರೆ. ಅದಕ್ಕೆ ಪ್ರತಿಯಾಗಿ ನಾವು ಕೊಡಬಹುದಾದುದು ಒಂದು ನಿಜವಾದ ಮಾತು, ಒಂದು ಬೆಚ್ಚಗಿನ ಮಡಿಲು. ಅಷ್ಟು ಕೊಟ್ಟರೆ ‘ಚುಚ್ಚುಮದ್ದು’ ಎಂಬ ಸಮಾಸದ ಉತ್ತರಪದವೂ ಮಗುವಿನ ಕಿವಿಗೆ ಕೇಳಿಸೀತು.